ಹೊಕ್ಕುಳ ಮಟ್ಟದ ಪ್ಯಾಂಟು, ಅಗಲ ಕಾಲರಿನ ಅಂಗಿ: ಕರಾವಳಿಯ ಸೆಕೆಯಲ್ಲಿ ಹಳೇ ಶೈಲಿಯ ಉಡುಪು ತೊಡುವುದು ಹೇಗೆ?

ಅಜ್ಜನ ಕಾಲದ ಫೋಟೊಗಳಲ್ಲಿ ಕಾಣುವಂಥ ಪ್ಯಾಂಟು, ಅಂಗಿಯನ್ನು ಈಗ ಆಫೀಸಿಗೆ ಹಾಕಿಕೊಂಡು ಹೋಗಬಹುದೇ? ಟೈಲರಿಗೆ ಏನೆಂದು ಹೇಳಬೇಕು? ಯಾವ ಬಟ್ಟೆ ಕೊಳ್ಳಬೇಕು? ಮಂಗಳೂರು, ಉಡುಪಿ, ಮಣಿಪಾಲದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೊನೆಗೆ ಎಲ್ಲರೂ ಸೇರಿಸುವ ಮಾತು ಒಂದೇ: ನಮ್ಮೂರಿನ ಸೆಕೆಯಲ್ಲಿ ಇದೆಲ್ಲ ಆಗುತ್ತದೆಯೇ?

ಖಂಡಿತ ಆಗುತ್ತದೆ. ಮೈಗಂಟುವ ಈಗಿನ ಪ್ಯಾಂಟಿಗಿಂತ 1940, 50ರ ದಶಕಗಳ ಸಡಿಲ ಪ್ಯಾಂಟು ನಮ್ಮ ಹವೆಗೆ ಎಷ್ಟೋ ಮೇಲು. ತೊಡೆಗೂ ಬಟ್ಟೆಗೂ ನಡುವೆ ಗಾಳಿಯಾಡುತ್ತದೆ, ಬೆವರು ಬೇಗ ಆರುತ್ತದೆ. ಹೆಚ್ಚಿನವರು ಎಡವುವುದು ಬೇರೆ ಕಡೆ. ಹ್ಯಾಟು, ಬ್ರೇಸಸ್ (ಭುಜದ ಮೇಲಿಂದ ಪ್ಯಾಂಟನ್ನು ಎತ್ತಿಹಿಡಿಯುವ ಪಟ್ಟಿ), ಜೇಬುಗಡಿಯಾರ ಮೊದಲು ಕೊಂಡು, ಪ್ಯಾಂಟು ಮಾತ್ರ ಈಗಿನದೇ ಇಟ್ಟುಕೊಳ್ಳುತ್ತಾರೆ. ಆಗ ನೋಡುವವರಿಗೆ ಛದ್ಮವೇಷ ಅನ್ನಿಸುತ್ತದೆ. ಹಳೇ ಶೈಲಿ ನಿಂತಿರುವುದು ಅಳತೆಯ ಮೇಲೆ: ಸೊಂಟ ಎಲ್ಲಿ ಕೂರುತ್ತದೆ, ಕಾಲು ಎಷ್ಟು ಅಗಲ, ಕಾಲರಿನ ತುದಿ ಎಷ್ಟು ಉದ್ದ. ಇಷ್ಟು ಸರಿ ಬಂದರೆ ಬೇರೇನೂ ಇಲ್ಲದೆಯೂ ಉಡುಪು ಎದ್ದು ಕಾಣುತ್ತದೆ, ಯಾರಿಗೂ ವಿಚಿತ್ರ ಎನಿಸುವುದೂ ಇಲ್ಲ.

ಮೊದಲಿಗೆ ಬೇಕಾದದ್ದು: ಒಂದು ಪ್ಯಾಂಟಿನ ಬಟ್ಟೆ, ಒಂದು ಅಂಗಿಯ ಬಟ್ಟೆ, ಅಳತೆ ಟೇಪು, ನಿಮಗೆ ಇಷ್ಟವಾದ ನಾಲ್ಕೈದು ಹಳೇ ಫೋಟೊ, ಟ್ರಯಲ್ ಕೊಡಲು ಒಪ್ಪುವ ಟೈಲರು. ಕೋಟು, ಬೂಟು ಆಮೇಲೆ.

1. ಯಾವ ಕಾಲದ ಶೈಲಿ ಎಂದು ತೀರ್ಮಾನಿಸಿ

'ಹಳೇ ಕಾಲದ್ದು' ಎಂದಷ್ಟೇ ಹೇಳಿದರೆ ಟೈಲರು ಬೆಲ್ ಬಾಟಂ ಹೊಲಿದುಕೊಟ್ಟಾರು. ದಶಕ ಬದಲಾದಂತೆ ಆಕಾರವೂ ಬದಲಾಗುತ್ತದೆ.

1930ರಿಂದ 50ರವರೆಗಿನ ಶೈಲಿಯಲ್ಲಿ ಪ್ಯಾಂಟು ಹೊಕ್ಕುಳ ಮಟ್ಟದಲ್ಲಿ ಕೂರುತ್ತದೆ. ಮುಂದೆ ಪ್ಲೀಟ್ (ಸೊಂಟಪಟ್ಟಿಯ ಕೆಳಗೆ ಬಟ್ಟೆಯನ್ನು ಮಡಿಚಿ ಹೊಲಿದ ನೆರಿಗೆ) ಇರುತ್ತದೆ, ಕಾಲು ಸೀಟಿನಿಂದ (ಪ್ಯಾಂಟಿನ ಹಿಂಬದಿ, ಕುಳಿತುಕೊಳ್ಳುವ ಭಾಗ) ನೇರವಾಗಿ ಇಳಿಯುತ್ತದೆ. 60ರ ದಶಕದಲ್ಲಿ ಎಲ್ಲವೂ ಕಿರಿದಾಯಿತು: ಸಪೂರ ಕಾಲು, ಚಿಕ್ಕ ಕಾಲರು. 70ರಲ್ಲಿ ತೊಡೆ ಬಿಗಿ, ಬಾಟಂ (ಪ್ಯಾಂಟಿನ ಕಾಲಿನ ಕೆಳತುದಿ) ಅಗಲ, ಕಾಲರು ಉದ್ದ. ಸಫಾರಿ ಸೂಟು ನಮ್ಮ ಸರಕಾರಿ ಕಚೇರಿಗಳನ್ನು ತುಂಬಿದ್ದೂ ಆ ಹೊತ್ತಿಗೇ.

ದಿನನಿತ್ಯಕ್ಕೆ ನಮ್ಮ ಶಿಫಾರಸು 1940, 50ರ ಆಕಾರ. ಗಾಳಿಯಾಡುತ್ತದೆ, ಹೊಟ್ಟೆ ಸ್ವಲ್ಪ ಮುಂದಿದ್ದವರಿಗೂ ಒಪ್ಪುತ್ತದೆ, ಈಗಿನ ಆಫೀಸಿನಲ್ಲಿ ಅಪರೂಪವೆನಿಸಿದರೂ ಅಸಂಗತ ಎನಿಸುವುದಿಲ್ಲ. 70ರ ಶೈಲಿ ಸಂಜೆಯ ಪಾರ್ಟಿಗೆ ಸೊಗಸು, ಆದರೆ ತೊಡೆಯ ಬಿಗಿಯೂ ಆ ಕಾಲದ ಪಾಲಿಯೆಸ್ಟರೂ ಸೇರಿದರೆ ಏಪ್ರಿಲ್ ತಿಂಗಳಲ್ಲಿ ಮೈಯೆಲ್ಲ ಉರಿ.

2. ಬಟ್ಟೆ ಆರಿಸುವುದು, ನೆನೆಸುವುದು

ಸಿನಿಮಾದಲ್ಲೋ ವಿದೇಶಿ ಫೋಟೊಗಳಲ್ಲೋ ಕಾಣುವ ದಪ್ಪ ಉಣ್ಣೆಯ ಫ್ಲಾನೆಲ್, ಟ್ವೀಡ್ ನಮಗೆ ಸಲ್ಲುವುದಿಲ್ಲ. ನಮ್ಮಲ್ಲಿ ಚಳಿ ಎಂಬುದು ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕಷ್ಟೇ. ಹಳೇ ಆಕಾರವನ್ನು ತೆಳು ಬಟ್ಟೆಯಲ್ಲಿ ತರಬೇಕು, ಆದರೆ ತೀರಾ ತೆಳುವಾದರೆ ಪ್ಲೀಟು ನಿಲ್ಲದೆ ಪ್ಯಾಂಟು ಪೈಜಾಮದಂತೆ ಜೋತುಬೀಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ಜಿಎಸ್‌ಎಂ ಕೇಳಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು.

ಪ್ಯಾಂಟಿಗೆ ಲಿನನ್ ಆದರೆ 220ರಿಂದ 280 ಜಿಎಸ್‌ಎಂ, ಕಾಟನ್ ಡ್ರಿಲ್ ಅಥವಾ ಗ್ಯಾಬರ್ಡಿನ್ (ಓರೆ ಗೆರೆಯ ಗಟ್ಟಿ ನೇಯ್ಗೆ) ಆದರೆ 230ರಿಂದ 270, ಟ್ರಾಪಿಕಲ್ ವೂಲ್ (ಬಿಡಿ ನೇಯ್ಗೆಯ ತೆಳು ಉಣ್ಣೆ) ಆದರೆ 240ರ ಆಸುಪಾಸು. ಉಣ್ಣೆ ಎಂದೊಡನೆ ಹಿಂಜರಿಯಬೇಡಿ. ಬಿಡಿಯಾಗಿ ನೇಯ್ದ ತೆಳು ಉಣ್ಣೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಸುಕ್ಕೂ ಕಡಿಮೆ. ರಾತ್ರಿ ಹ್ಯಾಂಗರಿಗೆ ಹಾಕಿದರೆ ಬೆಳಿಗ್ಗೆಗೆ ಗೆರೆ ತಾನಾಗಿ ಕೂತಿರುತ್ತದೆ. ಇದರ ಬೆಲೆ ಹೆಚ್ಚು, ಹಾಗಾಗಿ ಮೊದಲ ಪ್ಯಾಂಟಿಗೆ ಬೇಡ.

ಅಂಗಿಗೆ 120ರಿಂದ 160 ಜಿಎಸ್‌ಎಂನ ಕಾಟನ್ ಅಥವಾ ಲಿನನ್. ಕಣ್ಣೂರಿನ ಕೈಮಗ್ಗದ ಶರ್ಟಿಂಗ್ ಸಿಕ್ಕಿದರೆ ಬಿಡಬೇಡಿ. ಅದರ ಪಟ್ಟೆ, ಚೌಕುಳಿಗಳಿಗೆ ಹಳೇ ಕಾಲದ ಕಳೆ ಸಹಜವಾಗಿಯೇ ಇದೆ. ಪಾಲಿಯೆಸ್ಟರ್ ನೂಲಿನ ಟೆರಿಲಿನ್, ಟೆರಿಕಾಟ್ ಬೇಡ. 1941ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದ ಟೆರಿಲಿನ್ ನಮ್ಮಲ್ಲಿ ಒಂದು ಕಾಲಕ್ಕೆ ದೊಡ್ಡ ಗತ್ತಿನ ಬಟ್ಟೆಯಾಗಿತ್ತು ನಿಜ, ಆದರೆ ಅದು ಬೆವರು ಹೀರುವುದಿಲ್ಲ. ಸೆಕೆಯ ಊರಿನಲ್ಲಿ ಮಧ್ಯಾಹ್ನದೊಳಗೆ ವಾಸನೆ ಬರುತ್ತದೆ.

ಬಣ್ಣದಲ್ಲಿ ಮೊದಲ ಪ್ಯಾಂಟಿಗೆ ಖಾಕಿ, ಬಿಸ್ಕತ್ ಅಥವಾ ಬೂದು. ಖಾಕಿಗೂ ನಮ್ಮೂರಿಗೂ ಹಳೆಯ ನಂಟು. 1851ರಲ್ಲಿ ಮಂಗಳೂರಿಗೆ ಬಂದ ಜಾನ್ ಹಾಲರ್ ಎಂಬ ನೇಕಾರ ಬಲ್ಮಠದ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಟ್ಟೆ ತಯಾರಿಸಿದ್ದರು. ಹಳೇ ಶೈಲಿ ಎಂದರೆ ವಿದೇಶದ ನಕಲು ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಎಷ್ಟು ಬಟ್ಟೆ ಬೇಕು? 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಪ್ಲೀಟ್ ಪ್ಯಾಂಟಿಗೆ 1.5 ಮೀಟರ್. ಅಂಗಡಿಯವರು ರೂಢಿಯಂತೆ 1.2 ಅಥವಾ 1.3 ಮೀಟರ್ ಕತ್ತರಿಸಿ ಕೊಡುತ್ತಾರೆ, ಅದು ಈಗಿನ ಸಪೂರ ಪ್ಯಾಂಟಿನ ಲೆಕ್ಕ. ಪ್ಲೀಟು, ಎತ್ತರದ ಸೊಂಟ, ಕಾಲಿನ ಅಗಲ ಮೂರಕ್ಕೂ ಬಟ್ಟೆ ಬೇಕು. ಕಡಿಮೆ ಬಿದ್ದರೆ ಟೈಲರು ಮೊದಲು ಕಡಿತ ಮಾಡುವುದು ಪ್ಲೀಟಿನ ಆಳವನ್ನೇ. ಅರ್ಧ ತೋಳಿನ ಅಂಗಿಗೆ 58 ಇಂಚು ಪನ್ನದ್ದಾದರೆ 1.5 ಮೀಟರ್, 36 ಇಂಚಿನ ಕೈಮಗ್ಗದ್ದಾದರೆ 2.25 ಮೀಟರ್. ಪೂರ್ಣ ತೋಳಾದರೆ ಕಾಲು ಮೀಟರ್ ಹೆಚ್ಚು ಹಿಡಿಯಿರಿ.

ಟೈಲರ ಕೈಗೆ ಕೊಡುವ ಮೊದಲು ಕಾಟನ್, ಲಿನನ್ ಬಟ್ಟೆಯನ್ನು ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಅರೆಹಸಿ ಇರುವಾಗ ಇಸ್ತ್ರಿ ಹಾಕಿ. ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಮಾಮೂಲು. 42 ಇಂಚು ಉದ್ದದ ಪ್ಯಾಂಟಿನಲ್ಲಿ ಅದು ಎರಡು ಇಂಚಿನ ತನಕ ಹೋಗಬಹುದು, ಒಂದೇ ಒಗೆತದಲ್ಲಿ ಪ್ಯಾಂಟು ಕಣಕಾಲಿಗೆ ಏರುತ್ತದೆ. ಉಣ್ಣೆಯನ್ನು ಮಾತ್ರ ನೀರಿಗೆ ಹಾಕಬೇಡಿ, ಹಬೆ ಇಸ್ತ್ರಿ ಸಾಕು.

3. ಟೈಲರನ್ನು ಹುಡುಕುವುದು

ಬೆಲ್ ಬಾಟಂ, ಸಫಾರಿಗಳ ಕಾಲದಿಂದ ಕತ್ತರಿ ಹಿಡಿದ ಹಿರಿಯ ಟೈಲರುಗಳು ಮಂಗಳೂರಿನ ಹಂಪನಕಟ್ಟೆ, ಕಾರ್‌ಸ್ಟ್ರೀಟ್, ಉಡುಪಿಯ ರಥಬೀದಿ ಸುತ್ತಿನ ಓಣಿಗಳಲ್ಲಿ, ಸಣ್ಣ ಪೇಟೆಗಳ ಬಸ್ ನಿಲ್ದಾಣಗಳ ಬಳಿ ಇನ್ನೂ ಸಿಗುತ್ತಾರೆ. ಪ್ಲೀಟು ಅವರ ಕೈಗೆ ಹೊಸದಲ್ಲ. ಆದರೂ ಮೂರು ಪ್ರಶ್ನೆ ಕೇಳಿ. ಕಟಿಂಗ್ ನೀವೇ ಮಾಡುತ್ತೀರಾ? ಟ್ರಯಲ್ ಕೊಡುತ್ತೀರಾ? ಒಳಗೆ ಮಾರ್ಜಿನ್ ಎಷ್ಟು ಬಿಡುತ್ತೀರಿ? ಮಾರ್ಜಿನ್ ಎಂದರೆ ಮುಂದೆ ಸಡಿಲಿಸಲು ಹೊಲಿಗೆಯೊಳಗೆ ಉಳಿಸುವ ಬಟ್ಟೆ. ಹಿಂದಿನ ನಡುಹೊಲಿಗೆಯಲ್ಲಿ ಒಂದೂವರೆ ಇಂಚು ಬೇಕು.

ಸಮಯವೂ ಮುಖ್ಯ. ಜೂನ್ ಮೊದಲ ವಾರಗಳಲ್ಲಿ ಶಾಲಾ ಸಮವಸ್ತ್ರದ ಗಡಿಬಿಡಿ. ದೀಪಾವಳಿಯ ಹಿಂದಿನ ತಿಂಗಳು, ಮದುವೆಗಳ ಹಂಗಾಮು ಕೂಡ ಹಾಗೆಯೇ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಶುಭಕಾರ್ಯಗಳಿಲ್ಲದ ಕಾರಣ ಕೆಲಸ ಕಡಿಮೆ. ನಿಂತು ಮಾತಾಡಲು, ಎರಡೆರಡು ಸಲ ಟ್ರಯಲ್ ನೋಡಲು ಅದೇ ಒಳ್ಳೆಯ ಹೊತ್ತು. ಬಟ್ಟೆಯನ್ನು ಮಾತ್ರ ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲೇ ನೆನೆಸಿ ಒಣಗಿಸಿಟ್ಟುಕೊಳ್ಳಿ.

4. ಪ್ಯಾಂಟಿನ ಅಳತೆ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ನಿಮ್ಮ ಈಗಿನ ಪ್ಯಾಂಟನ್ನು ಟೈಲರಿಗೆ ಕೊಟ್ಟು 'ಇದೇ ಅಳತೆ, ಸ್ವಲ್ಪ ಸಡಿಲ ಮಾಡಿ' ಎನ್ನಬೇಡಿ. ಈಗಿನ ಪ್ಯಾಂಟು ಹೊಕ್ಕುಳಿಗಿಂತ ಎರಡು ಮೂರು ಇಂಚು ಕೆಳಗೆ ಕೂರುತ್ತದೆ. ಅದರ ಸೊಂಟ, ಉದ್ದ, ರೈಸ್ ಮೂರೂ ನಿಮಗೆ ಉಪಯೋಗವಿಲ್ಲ. ರೈಸ್ ಎಂದರೆ ಸೊಂಟಪಟ್ಟಿಯ ಮೇಲಂಚಿನಿಂದ ತೊಡೆಸಂದಿಯ ಹೊಲಿಗೆಯ ತನಕದ ಉದ್ದ. ರೆಡಿಮೇಡ್ ಪ್ಯಾಂಟುಗಳಲ್ಲಿ ಮುಂಭಾಗದ ರೈಸ್ 9ರಿಂದ 10 ಇಂಚು ಇರುತ್ತದೆ, ನಮಗೆ ಬೇಕಾದದ್ದು 12ರ ಸುಮಾರು.

ಟೈಲರ ಮುಂದೆ ನಿಂತಾಗ ಅಂಗಿ ಒಳಗೆ ಹಾಕಿ, ಬೆಲ್ಟು ತೆಗೆದು, ಹೊಕ್ಕುಳ ಮೇಲೆ ಬೆರಳಿಟ್ಟು ತೋರಿಸಿ: "ಅಣ್ಣ, ಪಟ್ಟಿ ಇಲ್ಲಿ ಕೂರಬೇಕು." ಆ ಜಾಗದಲ್ಲಿ ಒಂದು ದಾರ ಕಟ್ಟಿಕೊಂಡು ಹೋದರೆ ಇನ್ನೂ ಒಳ್ಳೆಯದು, ಉದ್ದವನ್ನೂ ರೈಸನ್ನೂ ಅಲ್ಲಿಂದಲೇ ಹಿಡಿಯಬಹುದು. ಉಸಿರು ಬಿಗಿಹಿಡಿಯಬೇಡಿ. ಕುಳಿತು ಒಮ್ಮೆ, ನಿಂತು ಒಮ್ಮೆ ಅಳೆಯಿಸಿ. ಕುಳಿತಾಗ ಸೊಂಟ ಒಂದರಿಂದ ಒಂದೂವರೆ ಇಂಚು ಹಿಗ್ಗುತ್ತದೆ. ಎರಡರ ನಡುವಿನ ಅಳತೆ ಹಿಡಿಯಿರಿ.

5 ಅಡಿ 7 ಇಂಚು ಎತ್ತರ, ಹೊಕ್ಕುಳಲ್ಲಿ 34, ಸೀಟಿನಲ್ಲಿ 38 ಇಂಚು ಇರುವವರಿಗೆ ಸುಮಾರಾಗಿ ಒಪ್ಪುವ ಅಳತೆ ಹೀಗೆ: ಸೊಂಟ 34 ಮತ್ತು ಅರ್ಧ, ಸೀಟು 42, ತೊಡೆ 26, ಮಂಡಿ 22, ಬಾಟಂ 19, ಪಟ್ಟಿ ಸೇರಿ ಮುಂಭಾಗದ ರೈಸ್ 12, ಹೊರಬದಿಯ ಉದ್ದ 41 ಮತ್ತು ಅರ್ಧ. ಪಟ್ಟಿಯ ಅಗಲ 2 ಇಂಚು. ಇದನ್ನು ಹಾಗೆಯೇ ಬರೆದುಕೊಡಬೇಡಿ, ನಿಮ್ಮ ಮೈಗೆ ಹೊಂದಿಸಿಕೊಳ್ಳಿ. ನೋಡಬೇಕಾದ್ದು ಅಂಕಿಗಳ ನಡುವಿನ ಅನುಪಾತ. ಸೀಟಿಗೆ ಮೈ ಅಳತೆಗಿಂತ 4 ಇಂಚು ಸಡಿಲ ಸಿಗಲೇಬೇಕು. ಸೀಟು ಬಿಗಿಯಾದರೆ ಮುಂದಿನ ಪ್ಲೀಟು ಬಾಯಿ ಬಿಡುತ್ತದೆ, ಪಕ್ಕದ ಜೇಬು ಕಿವಿಯಂತೆ ಹೊರಚಾಚುತ್ತದೆ. ಪ್ಲೀಟ್ ಪ್ಯಾಂಟು ತನಗೆ ಒಪ್ಪುವುದಿಲ್ಲ ಎಂದು ಕೈಬಿಟ್ಟವರಲ್ಲಿ ಹೆಚ್ಚಿನವರ ತೊಂದರೆ ಇದೊಂದೇ.

ಬಾಟಂ ಹೇಳುವಾಗ ಎಚ್ಚರ. ಕೆಲವರು ಪೂರ್ತಿ ಸುತ್ತಳತೆ ಹೇಳುತ್ತಾರೆ, ಕೆಲವರು ಮಡಿಸಿಟ್ಟು ಅರ್ಧ ಅಳೆಯುತ್ತಾರೆ. 'ಸುತ್ತ 19' ಎಂದು ಸ್ಪಷ್ಟವಾಗಿ ಹೇಳಿ. 40ರ ದಶಕದ ಪೂರ್ತಿ ಗತ್ತು ಬೇಕೆಂದರೆ 21, 22ರ ತನಕ ಹೋಗಬಹುದು, ಆದರೆ ಬೈಕು ಓಡಿಸುವವರು 19 ದಾಟಬೇಡಿ. ಗೇರಿನ ಕಾಲಿಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಸೈಕಲ್ ಆದರೆ ಬಲಗಾಲಿಗೆ ಕ್ಲಿಪ್ಪು ಬೇಕೇ ಬೇಕು.

ಪ್ಲೀಟು ಎರಡು ಸಾಕು. ಮೊದಲನೆಯದು ಇಸ್ತ್ರಿಯ ಗೆರೆಗೆ ಸರಿಯಾಗಿ, ಒಂದೂಕಾಲು ಇಂಚು ಆಳ. ಎರಡನೆಯದು ಅದಕ್ಕೂ ಜೇಬಿಗೂ ನಡುವೆ, ಮುಕ್ಕಾಲು ಇಂಚು. ಮಡಿಕೆಯ ಬಾಯಿ ಜಿಪ್ಪಿನ ಕಡೆಗೆ ತೆರೆದರೆ ಇಂಗ್ಲಿಷ್ ರೀತಿ, ಜೇಬಿನ ಕಡೆಗೆ ತೆರೆದರೆ ಇಟಾಲಿಯನ್ ರೀತಿ. ಹೊಟ್ಟೆ ಇರುವವರಿಗೆ ಎರಡನೆಯದು ಚಪ್ಪಟೆಯಾಗಿ ಕೂರುತ್ತದೆ. ಪ್ಲೀಟನ್ನು ಕೆಳಗಿನ ತನಕ ಹೊಲಿದು ಮುಚ್ಚಲು ಬಿಡಬೇಡಿ. ಪಟ್ಟಿಯ ಕೆಳಗೆ ಅರ್ಧ ಇಂಚಿಗೆ ನಿಲ್ಲಿಸಿದರೆ ಮಾತ್ರ ಕುಳಿತಾಗ ತೆರೆದುಕೊಳ್ಳುತ್ತದೆ.

ಸೊಂಟ ನಿಲ್ಲಿಸಲು ಬೆಲ್ಟಿನ ಬದಲು ಸೈಡ್ ಅಡ್ಜಸ್ಟರ್ ಹೇಳಿ. ಇದು ಸೊಂಟದ ಎರಡು ಬದಿಯಲ್ಲಿ ಎಳೆದು ಬಿಗಿ ಮಾಡುವ ಪುಟ್ಟ ಪಟ್ಟಿ. ಬಕಲಿನದ್ದು ಬೇಡ, ಎರಡು ಬಟನಿನದ್ದು ಮಾಡಿಸಿ. ಸಮುದ್ರದ ಉಪ್ಪುಗಾಳಿಗೆ ಅಗ್ಗದ ಬಕಲು ಒಂದು ಮಳೆಗಾಲದೊಳಗೆ ತುಕ್ಕು ಹಿಡಿದು ಬಟ್ಟೆಗೆ ಕೆಂಪು ಕಲೆ ಮಾಡುತ್ತದೆ. ಮುಂದಿನ ಕೊಕ್ಕೆಗೂ ಇದೇ ಮಾತು: ಕಬ್ಬಿಣದ ಹುಕ್ ಬಿಟ್ಟು ಸ್ಟೀಲು ಅಥವಾ ಹಿತ್ತಾಳೆ ಕೇಳಿ, ಇಲ್ಲವೇ ಬಟನ್ ಕಾಜ ಮಾಡಿಸಿ. ಈಗ ಅಂಗಡಿಗಳಲ್ಲಿ ಕಾಣುವ ಗುರ್ಖಾ ಪ್ಯಾಂಟಿನಲ್ಲಿ ಪಟ್ಟಿಯೇ ಸುತ್ತಿಬಂದು ಬಕಲಿಗೆ ಸೇರುತ್ತದೆ. ನೋಟ ಚೆನ್ನ, ಆದರೆ ಸೊಂಟದ ಸುತ್ತ ಬಟ್ಟೆಯ ಪದರ ಹೆಚ್ಚಿ ಅಲ್ಲಿ ಬೆವರು ನಿಲ್ಲುತ್ತದೆ.

ಮೊಬೈಲಿಗೆ ಜಾಗ ಯೋಚಿಸಿ. ಮುಂದಿನ ಜೇಬಿನಲ್ಲಿಟ್ಟರೆ ಪ್ಲೀಟಿನ ಇಳಿತ ಕೆಡುತ್ತದೆ. ಬಲಬದಿಯ ಜೇಬಿನೊಳಗೆ ಹಿಂದಕ್ಕೆ ಇನ್ನೊಂದು ಉದ್ದ ಚೀಲ ಹೊಲಿಸಿದರೆ ಫೋನು ತೊಡೆಯ ಪಕ್ಕಕ್ಕೆ ಕೂರುತ್ತದೆ. ಜೇಬಿನ ಬಟ್ಟೆ ಗಟ್ಟಿ ಕಾಟನ್ ಇರಲಿ, ಟೈಲರುಗಳು ಉಳಿತಾಯ ಮಾಡುವುದು ಇಲ್ಲಿಯೇ.

ಕೆಳಗಿನ ಮಡಿಕೆ, ಅಂದರೆ ಬಾಟಂ ಹೊರಕ್ಕೆ ಮಡಿಚಿ ನಿಲ್ಲಿಸುವ ಒಂದೂವರೆ ಇಂಚಿನ ಪಟ್ಟಿ, ಬೇಕೇ? ಬೇಸಿಗೆಯ ಪ್ಯಾಂಟಿಗೆ ಬೇಕು, ಭಾರ ಸಿಕ್ಕಿ ಕಾಲು ನೇರ ಇಳಿಯುತ್ತದೆ. ಮಳೆಗಾಲದ ಪ್ಯಾಂಟಿಗೆ ಬೇಡ, ಕೆಸರೂ ನೀರೂ ಅದರೊಳಗೇ ನಿಲ್ಲುತ್ತವೆ. ಮಡಿಕೆ ಇಲ್ಲದಿದ್ದರೆ ಶೈಲಿ ಕೆಡುತ್ತದೆ ಎಂಬ ಅಂಜಿಕೆ ಬೇಡ. ಯುದ್ಧಕಾಲದಲ್ಲಿ ಬಟ್ಟೆ ಉಳಿಸಲು ಬ್ರಿಟನ್ ಸರಕಾರ 1942ರಲ್ಲಿ ಇದನ್ನು ನಿಷೇಧಿಸಿತ್ತು. ಆ ವರ್ಷಗಳಲ್ಲಿ ಅಲ್ಲಿ ಹೊಲಿದ ಪ್ಯಾಂಟುಗಳಿಗೆ ಮಡಿಕೆ ಇಲ್ಲದಿರುವುದೇ ಗುರುತು.

5. ಟ್ರಯಲ್ ದಿನ ನೋಡಬೇಕಾದ್ದು

ಆಫೀಸಿಗೆ ಹಾಕುವ ಬೂಟು ಧರಿಸಿ, ಫೋನು, ಪರ್ಸು ಜೊತೆಗೆ ಹೋಗಿ. ಕನ್ನಡಿ ಮುಂದೆ ನಿಂತು ನೋಡಿ ಬರುವುದಷ್ಟೇ ಅಲ್ಲ. ಕುಳಿತುಕೊಳ್ಳಿ, ಬಗ್ಗಿ ಬೂಟಿನ ಲೇಸು ಮುಟ್ಟಿ, ಬಸ್ಸಿನ ಮೆಟ್ಟಿಲು ಏರುವಂತೆ ಕಾಲೆತ್ತಿ. ತೊಡೆಸಂದಿಯಲ್ಲಿ ಎಳೆದರೆ ಹಿಂಭಾಗದ ರೈಸ್ ಕಡಿಮೆಯಾಗಿದೆ. ಸೀಟಿನ ಕೆಳಗೆ ಅಡ್ಡ ಸುಕ್ಕು ಬಿದ್ದರೆ ಅಲ್ಲಿ ಬಟ್ಟೆ ಹೆಚ್ಚಾಗಿದೆ. ನಿಂತಾಗ ಪ್ಲೀಟು ಮುಚ್ಚಿರಬೇಕು, ಕುಳಿತಾಗ ತೆರೆಯಬೇಕು. ಉದ್ದ ಬೂಟಿನ ಮೇಲೆ ಒಂದೇ ಒಂದು ಸಣ್ಣ ಮುರಿತ ಬೀಳುವಷ್ಟಿರಲಿ. ಎರಡು ಮೂರು ಸುಕ್ಕು ಬಿದ್ದರೆ ಅಗಲ ಕಾಲಿನ ಪ್ಯಾಂಟು ಎರವಲು ತಂದಂತೆ ಕಾಣುತ್ತದೆ.

ದೋಷ ಕಂಡರೆ ಅಲ್ಲಿಯೇ ಚಾಕ್‌ನಲ್ಲಿ ಗುರುತು ಹಾಕಿಸಿ. ಬಾಯಿಮಾತಿನಲ್ಲಿ 'ಸ್ವಲ್ಪ' ಎಂದರೆ ನಿಮ್ಮ ಸ್ವಲ್ಪವೇ ಬೇರೆ, ಅವರ ಸ್ವಲ್ಪವೇ ಬೇರೆ.

6. ಅಂಗಿ

ಕರಾವಳಿಗೆ ಹೇಳಿ ಮಾಡಿಸಿದ ಹಳೇ ಅಂಗಿ ಎಂದರೆ ಬುಷ್ ಶರ್ಟು: ಮೇಲಿನ ಬಟನ್ ಇಲ್ಲದೆ ಎದೆಯ ಮೇಲೆ ಚಪ್ಪಟೆಯಾಗಿ ತೆರೆದು ಮಲಗುವ ಕಾಲರು, ನೇರ ಕತ್ತರಿಸಿದ ಅಂಚು, ಅರ್ಧ ತೋಳು. ಕುತ್ತಿಗೆಗೆ ಗಾಳಿ ಸಿಗುತ್ತದೆ, ಪ್ಯಾಂಟಿನ ಹೊರಗೆ ಬಿಡಬಹುದು. ಎದೆಗೆ ಮೈ ಅಳತೆಗಿಂತ 6 ಇಂಚು ಸಡಿಲ ಕೊಡಿ. ಉದ್ದ ಜಿಪ್ಪಿನ ನಡುಭಾಗಕ್ಕೆ ನಿಲ್ಲಲಿ, ಮೇಲೆ ಹೇಳಿದ ಎತ್ತರದವರಿಗೆ 27ರಿಂದ 28 ಇಂಚು. ಬದಿಯಲ್ಲಿ ಎರಡು ಇಂಚು ಸೀಳು. ತೋಳು ಮೊಣಕೈಗಿಂತ ಒಂದು ಇಂಚು ಮೇಲೆ ಮುಗಿಯಲಿ, ಬಾಯಿ ಅಗಲವಿರಲಿ. ಈಗಿನ ರೆಡಿಮೇಡ್‌ಗಳಂತೆ ತೋಳನ್ನು ರಟ್ಟೆಗೆ ಅಂಟಿಸಿದರೆ ಇಡೀ ಶೈಲಿ ಕಳೆದುಹೋಗುತ್ತದೆ. ಭುಜದ ಹೊಲಿಗೆ ಮಾತ್ರ ಎಲುಬಿನ ತುದಿಗೆ ಸರಿಯಾಗಿ ಇರಬೇಕು. ಸಡಿಲ ಎದೆಯಲ್ಲಿ ಬೇಕು, ಭುಜದಲ್ಲಲ್ಲ.

ಆಫೀಸಿನ ಪೂರ್ಣ ತೋಳಿನ ಅಂಗಿಗೆ ಕಾಲರಿನ ತುದಿ ಮೂರೂಕಾಲು ಇಂಚಿನಿಂದ ಮೂರೂಮುಕ್ಕಾಲು ಇಂಚು. ಈಗಿನವು ಎರಡೂವರೆಯ ಆಸುಪಾಸು. ಕಾಲರಿನೊಳಗೆ ಹಾಕುವ ಗಟ್ಟಿ ಬಟ್ಟೆ ಎರಡು ಬಗೆ: ಇಸ್ತ್ರಿಯಿಂದ ಅಂಟಿಸುವ ಫ್ಯೂಸಿಂಗ್, ದಾರದಿಂದ ಹೊಲಿಯುವ ಕ್ಯಾನ್ವಾಸ್. ಅಗ್ಗದ ಫ್ಯೂಸಿಂಗ್ ಕೆಲವೇ ಒಗೆತದಲ್ಲಿ ಗುಳ್ಳೆ ಏಳುತ್ತದೆ. ಉದ್ದ ಕಾಲರಿನಲ್ಲಿ ಆ ಗುಳ್ಳೆ ಎದ್ದು ಕಾಣುತ್ತದೆ, ಸರಿಪಡಿಸಲೂ ಆಗುವುದಿಲ್ಲ. ಹೊಲಿದದ್ದನ್ನೇ ಕೇಳಿ, ಮೃದುವಾಗಿ ಬಾಗುತ್ತದೆ.

ಒಳಗೆ ತೋಳಿಲ್ಲದ ಕಾಟನ್ ಬನಿಯನ್ ಬಿಡಬೇಡಿ. ಬೆವರಿನ ಉಪ್ಪು ಅದರಲ್ಲೇ ನಿಲ್ಲುತ್ತದೆ, ಅಂಗಿ ಎರಡು ಪಟ್ಟು ಬಾಳುತ್ತದೆ. ತಲೆಗೆ ತೆಂಗಿನೆಣ್ಣೆ, ಪೊಮೇಡ್ (ಕೂದಲು ಕೂರಿಸುವ ಜಿಡ್ಡಿನ ಮುಲಾಮು) ಹಚ್ಚುವವರ ಕಾಲರಿನ ಎಣ್ಣೆಕಲೆಗೆ ಒಗೆಯುವ ಮೊದಲು ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ ಉಜ್ಜಿ, ಕಾಲು ಗಂಟೆ ಬಿಡಿ. ಕಂಕುಳಿನ ಹಳದಿ ಕಲೆಗೆ ಬ್ಲೀಚ್ ಹಾಕಿದರೆ ಹಳದಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಗೆಯಿರಿ.

ಕಾಲರಿಗೆ, ಲಿನನ್ ಪ್ಯಾಂಟಿಗೆ ಗಂಜಿ ಹಾಕುವುದಾದರೆ ಬೆಳ್ತಿಗೆ ಅಕ್ಕಿಯದ್ದೇ ಆಗಬೇಕು. ಕುಚ್ಚಲಕ್ಕಿ ಗಂಜಿ ಬಿಳಿ ಬಟ್ಟೆಗೆ ಮಂಕು ಬಣ್ಣ ಕೊಡುತ್ತದೆ. ಜೂನ್ ಬಂತೆಂದರೆ ಗಂಜಿ ಪೂರ್ತಿ ನಿಲ್ಲಿಸಿ, ಬೂಷ್ಟಿಗೂ ಹುಳಕ್ಕೂ ಅದೇ ಆಹಾರ.

7. ಕೋಟು, ಬೂಟು, ಉಳಿದದ್ದು

ಕೋಟು ದಿನನಿತ್ಯದ ಮಾತಲ್ಲ. ಎಸಿ ಇರುವ ಆಫೀಸು, ಸಂಜೆಯ ಮದುವೆ ಹಾಲ್, ಡಿಸೆಂಬರಿನ ಸಮಾರಂಭ, ಇಷ್ಟಕ್ಕೆ ಒಂದು ಸಾಕು. ಕ್ರೈಸ್ತರ ಮದುವೆಗಳಲ್ಲಿ ಸೂಟು ತೊಡುವ ಪದ್ಧತಿ ಇಲ್ಲಿ ತಲೆಮಾರುಗಳದ್ದು, ಆದ್ದರಿಂದ ಕೋಟು ಬಲ್ಲ ಟೈಲರು ಸಿಗುವುದು ಕಷ್ಟವಲ್ಲ. ಅರ್ಧ ಲೈನಿಂಗ್ (ಬೆನ್ನಿನ ಮೇಲ್ಭಾಗಕ್ಕೂ ತೋಳಿಗೂ ಮಾತ್ರ ಒಳಬಟ್ಟೆ), ತೆಳು ಭುಜ, ಹೊರಗೆ ಹೊಲಿದ ಜೇಬು, ಸೀಟು ಮುಚ್ಚುವಷ್ಟು ಉದ್ದ ಎಂದು ಹೇಳಿ. ಹಳೇ ದಕ್ಷಿಣ ಕನ್ನಡದ ವಕೀಲರು, ಮೇಷ್ಟ್ರುಗಳ ಫೋಟೊಗಳಲ್ಲಿ ಕಾಣುವ ಕ್ಲೋಸ್ ಕಾಲರ್ ಕೋಟು, ಅಂದರೆ ಕುತ್ತಿಗೆಯ ತನಕ ಬಟನ್ ಇರುವುದು, ಲಿನನ್‌ನಲ್ಲಿ ಬಹಳ ಚೆಂದ ಬರುತ್ತದೆ. ಕಚ್ಚೆ ಹಾಕಿದ ಪಂಚೆಗೂ ಸರಿ, ಪ್ಯಾಂಟಿಗೂ ಸರಿ. ನಮ್ಮದೇ ನೆಲದ ಹಳೇ ಉಡುಪು ಬೇಕೆನ್ನುವವರು ವಿದೇಶಿ ಸೂಟಿಗಿಂತ ಮೊದಲು ಇದನ್ನು ಹೊಲಿಸಿ.

ಬ್ರೇಸಸ್ ಎತ್ತರದ ಪ್ಯಾಂಟಿಗೆ ಅತ್ಯುತ್ತಮ. ಆದರೆ ಉಡುಪಿಯ ಕೃಷ್ಣಮಠವೂ ಸೇರಿ ಈ ಭಾಗದ ಅನೇಕ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯಬೇಕು. ದರ್ಶನಕ್ಕೆ ಹೋಗುವ ದಿನ ಸೈಡ್ ಅಡ್ಜಸ್ಟರಿನ ಪ್ಯಾಂಟು ಅಥವಾ ಮುಂಡು ಒಳ್ಳೆಯದು. ಹ್ಯಾಟು ಹೆಲ್ಮೆಟಿನ ಜೊತೆ ನಡೆಯುವುದಿಲ್ಲ, ಬಿಟ್ಟುಬಿಡಿ. ಟೈ ಹಾಕುವುದಾದರೆ ಮೂರೂಕಾಲು ಇಂಚು ಅಗಲದ್ದು.

ಬೂಟಿಗೆ ಚರ್ಮದ ಅಟ್ಟೆ ಬೇಡ, ರಬ್ಬರ್ ಅಟ್ಟೆಯ ಕಂದು ಡರ್ಬಿ (ಲೇಸು ಕಟ್ಟುವುದು) ಅಥವಾ ಲೋಫರ್ (ಲೇಸಿಲ್ಲದ್ದು) ಸಾಕು. ಮಳೆಗಾಲದಲ್ಲಿ ರಬ್ಬರ್ ಚಪ್ಪಲಿಯಲ್ಲಿ ಹೋಗಿ ಆಫೀಸಿನಲ್ಲಿ ಬೂಟು ಹಾಕಿಕೊಳ್ಳಿ. ನೆನೆದರೆ ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ, ಎರಡು ಮೂರು ಗಂಟೆಗೊಮ್ಮೆ ಪೇಪರ್ ಬದಲಿಸಿ. ಒಲೆ, ಹೇರ್ ಡ್ರೈಯರ್ ಬಳಿ ಇಟ್ಟರೆ ಚರ್ಮ ಬಿರಿಯುತ್ತದೆ.

ಆಫೀಸಿನಲ್ಲಿ ಮೊದಲ ವಾರ ಪ್ಯಾಂಟನ್ನು ಮಾತ್ರ, ನಿಮ್ಮ ಮಾಮೂಲು ಅಂಗಿಯ ಜೊತೆ ಹಾಕಿ. ಆಮೇಲೆ ಅಂಗಿ. ಹಳೇ ಶೈಲಿಯ ವಸ್ತುಗಳು ಒಮ್ಮೆಗೆ ಎರಡು, ಹೆಚ್ಚೆಂದರೆ ಮೂರು ಇರಲಿ.

8. ಮನೆಯಲ್ಲಿರುವ ಹಳೇ ಬಟ್ಟೆ ಬಳಸುವುದಾದರೆ

ಅಜ್ಜನ ಕೋಟು, ಪ್ಯಾಂಟು ಟ್ರಂಕಿನಲ್ಲಿದ್ದರೆ ಮೊದಲು ಬೆಳಕಿಗೆ ಹಿಡಿದು ನೋಡಿ. ಚುಕ್ಕೆ ಚುಕ್ಕೆ ಬೆಳಕು ಕಂಡರೆ ಹುಳ ತಿಂದಿದೆ. ಒಳಗಿನ ಮಾರ್ಜಿನ್ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಪರ್ರೆಂದು ಬಿರಿದರೆ ನೂಲು ಸತ್ತಿದೆ, ಅದಕ್ಕೆ ಹಣ ಹಾಕಬೇಡಿ. ಅದನ್ನು ಬಿಚ್ಚಿ, ತುಂಡುಗಳ ಅಳತೆ ಬರೆದಿಟ್ಟುಕೊಂಡು ಹೊಸ ಬಟ್ಟೆಗೆ ಮಾದರಿ ಮಾಡಿಕೊಳ್ಳಬಹುದು. ಗಟ್ಟಿಯಿದ್ದರೆ ಸೊಂಟ, ತೋಳಿನ ಉದ್ದ, ಬಾಟಂ ಬದಲಿಸಬಹುದು. ಕೋಟಿನ ಭುಜ ಸರಿಹೋಗದಿದ್ದರೆ ಕೈಹಾಕಬೇಡಿ. ಭುಜ ಬಿಚ್ಚಿದರೆ ಕಾಲರು, ತೋಳು ಎಲ್ಲವನ್ನೂ ಮತ್ತೆ ಕೂರಿಸಬೇಕು, ಹೊಸ ಕೋಟಿನಷ್ಟೇ ಖರ್ಚು. ಬಹುಕಾಲ ಮಡಿಚಿಟ್ಟ ಬಟ್ಟೆಯ ಮಡಿಕೆಯಲ್ಲಿ ಬಣ್ಣ ಮಾಸಿದ್ದರೆ ಅದು ಹೋಗುವುದಿಲ್ಲ.

9. ಮಳೆಗಾಲದ ಜೋಪಾನ

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಕಾಟನ್, ಲಿನನ್, ಉಣ್ಣೆ, ಚರ್ಮ ನಾಲ್ಕಕ್ಕೂ ಬೂಷ್ಟು ಹಿಡಿಯುತ್ತದೆ. ಮೇ ಕೊನೆಯೊಳಗೆ ಎಲ್ಲವನ್ನೂ ಒಗೆಸಿ ಅಥವಾ ಡ್ರೈ ಕ್ಲೀನ್ ಮಾಡಿಸಿ. ಬೆವರಿನ ಅಂಶ ಉಳಿದಿದ್ದರೆ ಬೂಷ್ಟು ಅಲ್ಲಿಂದಲೇ ಶುರು. ಡ್ರೈ ಕ್ಲೀನಿಂಗ್‌ನಿಂದ ಬಂದ ಪ್ಲಾಸ್ಟಿಕ್ ಕವರನ್ನು ಅದೇ ದಿನ ತೆಗೆದುಹಾಕಿ, ತೇವ ಅದರೊಳಗೇ ಕಟ್ಟಿಕೊಳ್ಳುತ್ತದೆ. ಹಳೇ ಕಾಟನ್ ಮುಂಡಿನಲ್ಲಿ ಕವರು ಹೊಲಿಸಿದರೆ ಗಾಳಿಯೂ ಆಡುತ್ತದೆ, ಧೂಳೂ ಕೂರುವುದಿಲ್ಲ.

ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಮೂರು ನಾಲ್ಕು ಇಂಚು ಬಿಡಿ. ಒಳಗೆ ಬಟ್ಟೆಗಳ ನಡುವೆ ಎರಡು ಬೆರಳು ಅಂತರ ಇರಲಿ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಕೆಳಗೆ ನೀರು ತುಂಬುತ್ತದೆ, ಮಗುಚದಂತೆ ಮೂಲೆಯಲ್ಲಿಡಿ, ಬಟ್ಟೆಗೆ ಬಿದ್ದರೆ ಕಲೆ. ನಾಫ್ತಲಿನ್ ಗುಳಿಗೆಯನ್ನು ಬಟ್ಟೆಯ ಗಂಟು ಕಟ್ಟಿ ತೂಗುಹಾಕಿ, ನೇರ ಬಟ್ಟೆಗೆ ತಾಗಬಾರದು. ಅದು ಹುಳಕ್ಕೆ ಮದ್ದು, ಬೂಷ್ಟಿಗಲ್ಲ. ವಾರಕ್ಕೊಮ್ಮೆ ಕಪಾಟಿನ ಬಾಗಿಲು ತೆರೆದು ಒಂದು ಗಂಟೆ ಫ್ಯಾನು ಹಾಕಿ.

ಆದರೂ ಬೂಷ್ಟು ಬಂದರೆ ಮನೆಯೊಳಗೆ ಕೊಡವಬೇಡಿ, ಉಳಿದ ಬಟ್ಟೆಗೂ ಹರಡುತ್ತದೆ. ಹೊರಗೆ ಒಯ್ದು ಒಣ ಬ್ರಷ್‌ನಿಂದ ತೆಗೆದು, ಬಿಸಿಲು ಬಂದ ದಿನ ಒಳಮೈ ಹೊರಗಾಗಿಸಿ ಎರಡು ಗಂಟೆ ಹರವಿ. ಬೂಟಿಗಾದರೆ ಬಿಳಿ ವಿನೆಗರ್, ನೀರು ಸಮ ಬೆರೆಸಿ ಒರೆಸಿ, ಪೂರ್ತಿ ಒಣಗಿದ ಮೇಲೆ ಪಾಲಿಶ್.

ಎರಡನೆಯ ಪ್ಯಾಂಟನ್ನು ಮೊದಲನೆಯದರ ಜೊತೆಗೇ ಹೊಲಿಯಲು ಕೊಡಬೇಡಿ. ಮೊದಲನೆಯದು ಐದಾರು ಸಲ ಒಗೆದು, ಬಸ್ಸು, ಬೈಕು, ಆಫೀಸು ಎಲ್ಲ ಕಂಡ ಮೇಲೆ ಸೊಂಟ, ಸೀಟು, ಉದ್ದ ಮತ್ತೆ ಅಳೆಯಿರಿ. ಟೈಲರ ಪುಸ್ತಕದಲ್ಲಿರುವ ಅಳತೆಯ ಫೋಟೊ ತೆಗೆದಿಟ್ಟುಕೊಳ್ಳಿ, ಎಲ್ಲಿ ಅರ್ಧ ಇಂಚು ಹೆಚ್ಚು ಬೇಕು, ಎಲ್ಲಿ ಕಡಿಮೆ ಎಂದು ಪಕ್ಕದಲ್ಲಿ ಬರೆದು, ಆಮೇಲೆ ಮುಂದಿನ ಬಟ್ಟೆ ಕೊಳ್ಳಿ.